ಒಂದು ತಾಸು ಸರಿದ ಮೀಟಿಂಗ್: ಹಂಚಿಕೆಯ ಕ್ಯಾಲೆಂಡರಿನ ದೋಷ ಹುಡುಕುವ ಬಗೆ

ಬೆಳಗಾವಿಯ ಉದ್ಯಮಬಾಗದ ಆಫೀಸು. ಸಂಜೆ ಆರಕ್ಕೆ ನಾಲ್ಕು ಜನ ಡ್ರಾಯಿಂಗ್ ಹರಡಿಕೊಂಡು ಸ್ಕ್ರೀನಿನ ಮುಂದೆ ಕೂತಿದ್ದಾರೆ. ಆ ಕಡೆ ಡೆಟ್ರಾಯಿಟಿನವರ ಸುಳಿವಿಲ್ಲ. "ಮೀಟಿಂಗ್ ಎಷ್ಟಕ್ಕ ಇತ್ರೀ?" "ಆರಕ್ಕ ಸರ, ಕ್ಯಾಲೆಂಡರ್‌ನ್ಯಾಗ ಹಂಗ ಐತಿ." ಏಳಕ್ಕೆ, ಇವರು ಚಹಾ ಮುಗಿಸಿ ಎದ್ದ ಮೇಲೆ, ಅವರು ಬರುತ್ತಾರೆ. ಮರುದಿನ ಯಾರೋ ಮೀಟಿಂಗನ್ನು ಎಳೆದು ಏಳಕ್ಕೆ ಕೂರಿಸುತ್ತಾರೆ, ಅಲ್ಲಿಂದ ಗೊಂದಲ ಎರಡು ಪಟ್ಟಾಗುತ್ತದೆ.

ಹಾಗಾಗಿ ಮೊದಲ ಮಾತು: ಕಾರಣ ತಿಳಿಯುವವರೆಗೆ ಮೀಟಿಂಗನ್ನು ಎಳೆಯಬೇಡಿ, ಕಂಪ್ಯೂಟರಿನ ಗಡಿಯಾರವನ್ನು ತಿರುಗಿಸಬೇಡಿ. ಕ್ಯಾಲೆಂಡರಿಗೆ ಲೆಕ್ಕ ತಪ್ಪುವುದು ಬಹಳ ಅಪರೂಪ. ನಾವು ಆ ಮೀಟಿಂಗನ್ನು ಯಾವ ಊರಿನ ಗೂಟಕ್ಕೆ ಕಟ್ಟಿದ್ದೇವೆ ಎಂಬುದು ನಮಗೇ ಮರೆತಿರುತ್ತದೆ, ಅಷ್ಟೇ.

ಮೊದಲು ಅಂತರ ಅಳೆಯಿರಿ

ಇರಬೇಕಾದ ಸಮಯಕ್ಕೂ ತೋರಿಸುತ್ತಿರುವ ಸಮಯಕ್ಕೂ ಎಷ್ಟು ವ್ಯತ್ಯಾಸ? ಕಾಗದದ ಮೇಲೆ ಬರೆದುಕೊಳ್ಳಿ. ಅರ್ಧ ರೋಗನಿರ್ಣಯ ಆ ಅಂಕಿಯಲ್ಲೇ ಇದೆ. ಸಂಜೆ 6:00ಕ್ಕೆ ಇರಬೇಕಾದ ಮೀಟಿಂಗನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ.

ಮಧ್ಯಾಹ್ನ 12:30 ಎಂದು ಕಂಡರೆ, ಅಂದರೆ ಐದೂವರೆ ತಾಸು ಹಿಂದೆ ಇದ್ದರೆ, ಯಾವುದೋ ತಂತ್ರಾಂಶ ಯುಟಿಸಿ ಸಮಯವನ್ನು (ಜಗತ್ತಿನ ಗಡಿಯಾರಗಳೆಲ್ಲ ಲೆಕ್ಕಕ್ಕೆ ಹಿಡಿಯುವ ಮೂಲ ಸಮಯ) ಭಾರತದ ಸಮಯಕ್ಕೆ ಬದಲಿಸದೆ ಹಾಗೇ ತೋರಿಸುತ್ತಿದೆ. ರಾತ್ರಿ 11:30 ಎಂದು ಕಂಡರೆ ತಿರುಗುಮುರುಗು: ಭಾರತದ ಸಮಯವನ್ನೇ ಯುಟಿಸಿ ಎಂದು ಯಾರೋ ನಮೂದಿಸಿದ್ದಾರೆ. ಇಆರ್‌ಪಿಯಿಂದ (ಕಂಪನಿಯ ವ್ಯವಹಾರ ನಡೆಸುವ ತಂತ್ರಾಂಶ) ಅಥವಾ ಎಕ್ಸೆಲ್‌ನಿಂದ ತಯಾರಿಸಿದ ಐಸಿಎಸ್ ಫೈಲುಗಳಲ್ಲಿ, ಅಂದರೆ ಕ್ಯಾಲೆಂಡರಿನ ನಮೂದು ಹೊತ್ತು ಬರುವ ಫೈಲುಗಳಲ್ಲಿ, ಇದು ಮಾಮೂಲಿ.

ಅರ್ಧ ತಾಸಿನ ಫರಕು ಇದ್ದರೆ ಟೈಮ್ ಝೋನ್ ಪಟ್ಟಿಯಲ್ಲಿ ಬೆರಳು ಒಂದು ಸಾಲು ಜಾರಿದೆ. 5:30 ಎಂದು ಕಂಡರೆ ಕರಾಚಿ, 6:30 ಎಂದು ಕಂಡರೆ ಢಾಕಾ. 6:15 ಕಂಡರೆ ಕಠ್ಮಂಡು. ನೇಪಾಳದ ಗಡಿಯಾರ ನಮಗಿಂತ ಕಾಲು ತಾಸು ಮುಂದೆ. 4:30 ಕಂಡರೆ ದುಬೈ. ಅಲ್ಲಿಗೆ ಹೋಗಿ ಬಂದವರ ಫೋನಿನಲ್ಲಿ ಅಥವಾ ಲ್ಯಾಪ್‌ಟಾಪಿನಲ್ಲಿ ಝೋನ್ ಅಲ್ಲೇ ಉಳಿದುಬಿಟ್ಟಿರುತ್ತದೆ.

ನಸುಕಿನ 5:30 ಅಥವಾ 4:30 ಎಂದು ತೋರಿಸಿದರೆ ಆ ಖಾತೆ ಅಮೆರಿಕದ ಪೆಸಿಫಿಕ್ ಸಮಯದಲ್ಲಿದೆ. ಹೊಸದಾಗಿ ತೆರೆದ ಖಾತೆಗಳಲ್ಲಿ, ಅದರಲ್ಲೂ ಮೀಟಿಂಗ್ ರೂಮಿನ ಹೆಸರಿನ ಖಾತೆಗಳಲ್ಲಿ, ಇದನ್ನು ನೋಡಲೇಬೇಕು. ಸರಿಯಾಗಿ ಹನ್ನೆರಡು ತಾಸಿನ ವ್ಯತ್ಯಾಸಕ್ಕೆ ಝೋನಿನ ಗೊಡವೆ ಬೇಡ, ಎಎಮ್ ಪಿಎಮ್ ತಪ್ಪಿದೆ. ಹದಿನೇಳು ನಿಮಿಷ, ನಲವತ್ಮೂರು ನಿಮಿಷ ಹೀಗೆ ತಲೆಬುಡವಿಲ್ಲದ ಅಂಕಿ ಬಂದರೆ ಯಂತ್ರದ ಗಡಿಯಾರವೇ ಸರಿಯಾಗಿ ಓಡುತ್ತಿಲ್ಲ. ಹೆಸ್ಕಾಂ ಕರೆಂಟು ಹೋಗಿ ಬಂದಾಗಲೆಲ್ಲ ಹಳೆಯ ಡೆಸ್ಕ್‌ಟಾಪಿನ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಸಿಆರ್ 2032 ಬ್ಯಾಟರಿ ಸತ್ತಿದೆ. ಮೂರು ವೋಲ್ಟಿನ ಆ ಬಿಲ್ಲೆಯನ್ನು ಬದಲಿಸಿ, ವಿಂಡೋಸ್‌ನ ದಿನಾಂಕ ಮತ್ತು ಸಮಯದ ಪುಟದಲ್ಲಿ 'ಸಿಂಕ್ ನೌ' ಒತ್ತಿ.

ಉಳಿದದ್ದು ಸರಿಯಾಗಿ ಒಂದು ತಾಸಿನ ವ್ಯತ್ಯಾಸ. ನಿಜವಾದ ಕಥೆ ಅದೇ.

ಒಂದು ತಾಸು: ಗೂಟ ಎಲ್ಲಿದೆ?

ಭಾರತದಲ್ಲಿ ವರ್ಷವಿಡೀ ಒಂದೇ ಗಡಿಯಾರ, ಯುಟಿಸಿಗಿಂತ ಐದೂವರೆ ತಾಸು ಮುಂದೆ. ಅಮೆರಿಕದಲ್ಲಿ 2007ರಿಂದ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ತಾಸು ಮುಂದಕ್ಕಿಟ್ಟು ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಈ ಬೇಸಿಗೆ ಗಡಿಯಾರಕ್ಕೆ ಡೇಲೈಟ್ ಸೇವಿಂಗ್ ಎನ್ನುತ್ತಾರೆ. ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ. ಇವೆರಡೂ ಒಂದೇ ದಿನ ಬೀಳದಿರುವುದೇ ತಲೆನೋವಿನ ಮೂಲ. ಮಾರ್ಚ್‌ನಲ್ಲಿ ಎರಡು ಮೂರು ವಾರ, ಅಕ್ಟೋಬರ್ ಕೊನೆಗೆ ಒಂದು ವಾರ, ಅಮೆರಿಕಕ್ಕೂ ಯುರೋಪಿಗೂ ಇರುವ ರೂಢಿಯ ಅಂತರ ಕೆಡುತ್ತದೆ.

2026ರಲ್ಲಿ ಈ ಕೆಟ್ಟ ವಾರ ಅಕ್ಟೋಬರ್ 25ರಿಂದ ನವೆಂಬರ್ 1. 2027ರಲ್ಲಿ ಮಾರ್ಚ್ 14ರಿಂದ 28, ಆಮೇಲೆ ಅಕ್ಟೋಬರ್ 31ರಿಂದ ನವೆಂಬರ್ 7. ಯುರೋಪ್ ಒಕ್ಕೂಟದ ದೇಶಗಳೆಲ್ಲ ಒಂದೇ ಕ್ಷಣಕ್ಕೆ ಬದಲಾಗುತ್ತವೆ, ನಮ್ಮ ಲೆಕ್ಕದಲ್ಲಿ ಮುಂಜಾನೆ 6:30ಕ್ಕೆ. ಅಮೆರಿಕದಲ್ಲಿ ಪ್ರತಿ ಝೋನೂ ತನ್ನ ರಾತ್ರಿ ಎರಡಕ್ಕೆ. 2026ರಲ್ಲಿ ಅದು ನವೆಂಬರ್ 1ಕ್ಕೇ ಬಿದ್ದಿದೆ. ಚನ್ನಮ್ಮ ವೃತ್ತದಲ್ಲಿ ರಾಜ್ಯೋತ್ಸವದ ಮೆರವಣಿಗೆ ರಂಗೇರುವ ಹೊತ್ತಿಗೆ, ನಮ್ಮ 11:30ಕ್ಕೆ, ಡೆಟ್ರಾಯಿಟಿನ ಗಡಿಯಾರ ಎರಡರಿಂದ ಒಂದಕ್ಕೆ ಹಿಂದೆ ಬರುತ್ತದೆ. ಆಫೀಸಿಗೆ ರಜೆ, ಮೇಲಾಗಿ ಭಾನುವಾರ. ಯಾರೂ ನೋಡುವುದಿಲ್ಲ, ಸೋಮವಾರ ಪೆಟ್ಟು ಬೀಳುತ್ತದೆ.

ಈಗ ಗೂಟದ ವಿಷಯ. ಪ್ರತಿ ಗುರುವಾರ ಬೆಳಗಾವಿ, ಡೆಟ್ರಾಯಿಟ್, ಜರ್ಮನಿಯ ಸ್ಟುಟ್‌ಗಾರ್ಟ್ ಮೂರೂ ಸೇರುವ ಕರೆ ಇದೆ ಎಂದುಕೊಳ್ಳಿ. 2026ರ ಅಕ್ಟೋಬರ್ 22ರಂದು ಬೆಳಗಾವಿಯಲ್ಲಿ ಸಂಜೆ 6:00, ಡೆಟ್ರಾಯಿಟಿನಲ್ಲಿ ಮುಂಜಾನೆ 8:30, ಸ್ಟುಟ್‌ಗಾರ್ಟಿನಲ್ಲಿ ಮಧ್ಯಾಹ್ನ 2:30. ಎಲ್ಲರಿಗೂ ಹಿತ.

ಆ ಮೀಟಿಂಗನ್ನು ಡೆಟ್ರಾಯಿಟಿನ ಗೂಟಕ್ಕೆ ಕಟ್ಟಿದ್ದರೆ ಅಕ್ಟೋಬರ್ 29ರಂದು ನಮಗೆ 6:00 ಆಗಿಯೇ ಉಳಿಯುತ್ತದೆ, ಸ್ಟುಟ್‌ಗಾರ್ಟಿಗೆ 1:30 ಆಗುತ್ತದೆ. ಅವರ ಊಟದ ಹೊತ್ತು. ನವೆಂಬರ್ 5ರಂದು ನಮಗೆ 7:00, ಸ್ಟುಟ್‌ಗಾರ್ಟಿಗೆ ಮತ್ತೆ 2:30. ಸ್ಟುಟ್‌ಗಾರ್ಟಿನ ಗೂಟವಾದರೆ 29ರಂದೇ ನಮಗೆ 7:00, ಡೆಟ್ರಾಯಿಟಿಗೆ 9:30; ನವೆಂಬರ್ 5ರಂದು ನಮಗೆ 7:00 ಇದ್ದಂತೆಯೇ ಇದ್ದು ಡೆಟ್ರಾಯಿಟ್ 8:30ಕ್ಕೆ ಮರಳುತ್ತದೆ. ಬೆಳಗಾವಿಯ ಗೂಟವಾದರೆ ನಮಗೆ ಸದಾ 6:00. ಆದರೆ ನವೆಂಬರ್ 5ರಿಂದ ಡೆಟ್ರಾಯಿಟಿನವರು 7:30ಕ್ಕೇ ಕೂರಬೇಕು, ಅವರು ಇನ್ನೂ ಮನೆ ಬಿಟ್ಟಿರುವುದಿಲ್ಲ.

ಮೂರರಲ್ಲಿ ಯಾವುದೂ ತಪ್ಪಲ್ಲ. ಯಾವುದು ಎಂದು ಯಾರೂ ಮೊದಲೇ ಮಾತಾಡಿಕೊಳ್ಳದಿರುವುದು ತಪ್ಪು. ಲಕ್ಷಣದಿಂದಲೂ ಇದನ್ನು ಗುರುತಿಸಬಹುದು: ಒಂದರಿಂದ ಮೂರು ವಾರದಲ್ಲಿ ತಾನಾಗಿಯೇ ಸರಿಹೋಗುವ ಒಂದು ತಾಸು ಅಮೆರಿಕ-ಯುರೋಪ್ ನಡುವಿನ ಕೆಟ್ಟ ವಾರದ್ದು. ನವೆಂಬರಿನಿಂದ ಮಾರ್ಚ್‌ವರೆಗೂ ಪಟ್ಟು ಹಿಡಿದು ಕೂತ ಒಂದು ತಾಸು ಗೂಟದ್ದು. ಏಪ್ರಿಲ್ ಅಥವಾ ಅಕ್ಟೋಬರಿನ ಮೊದಲ ಭಾನುವಾರ ಶುರುವಾದರೆ ಸಿಡ್ನಿ ಅಥವಾ ಮೆಲ್ಬರ್ನ್ ಕಡೆಯದು. ಅಲ್ಲಿ ಋತು ತಿರುವುಮುರುವು, ಅಕ್ಟೋಬರಿನಲ್ಲಿ ಗಡಿಯಾರ ಮುಂದಕ್ಕೆ ಹೋಗುತ್ತದೆ. ಬ್ರಿಸ್ಬೇನ್ ಮಾತ್ರ ಬದಲಾಗುವುದಿಲ್ಲ. ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿ ದುಬೈ ಜೊತೆಗಷ್ಟೇ ವ್ಯವಹರಿಸುವವರಾದರೆ ಈ ಭಾಗವನ್ನು ಬಿಟ್ಟು ರಜೆಯ ಭಾಗಕ್ಕೆ ಹೋಗಬಹುದು. ವರ್ಷವಿಡೀ ಒಂದೂವರೆ ತಾಸು, ಅಷ್ಟೇ.

ಗೂಟ ನೋಡುವುದು ಎಲ್ಲಿ

ಗೂಗಲ್ ಕ್ಯಾಲೆಂಡರಿನಲ್ಲಿ ಮೀಟಿಂಗ್ ತೆರೆದು ಪೆನ್ಸಿಲ್ ಗುರುತು ಒತ್ತಿ. ಸಮಯದ ಪಕ್ಕ 'ಟೈಮ್ ಝೋನ್' ಎಂಬ ಕೊಂಡಿ ಇರುತ್ತದೆ. ಅದರೊಳಗೆ ಕಾಣುವ ಊರೇ ಗೂಟ. ಇಲ್ಲಿ ಮೂರು ಬೇರೆ ಬೇರೆ ಝೋನುಗಳಿವೆ: ಮೀಟಿಂಗಿನದು, ಆ ಹಂಚಿಕೆಯ ಕ್ಯಾಲೆಂಡರಿನದು, ನೋಡುವವರ ಖಾತೆಯದು. ಖಾತೆಯದ್ದನ್ನು ತಿದ್ದಿದರೆ ಕಾಣುವ ಬಗೆ ಬದಲಾಗುತ್ತದೆ, ಮೀಟಿಂಗಿನ ಗೂಟ ಕದಲುವುದಿಲ್ಲ. ಒಬ್ಬರಿಗೆ ಮಾತ್ರ ತಪ್ಪು ಕಾಣುತ್ತಿದ್ದರೆ ಅವರ ಖಾತೆ ನೋಡಿ. ಎಲ್ಲರಿಗೂ ಒಂದೇ ರೀತಿ ತಪ್ಪಾಗಿದ್ದರೆ ಮೀಟಿಂಗ್ ನೋಡಿ. ಈ ಒಂದು ವಿಂಗಡಣೆ ಮಾಡಿಕೊಳ್ಳದೆ ಹತ್ತು ಜನರ ಸೆಟ್ಟಿಂಗ್ ತಿರುವಿ ಹಾಕುವವರೇ ಹೆಚ್ಚು.

ಔಟ್‌ಲುಕ್‌ನಲ್ಲಿ ಮೀಟಿಂಗ್ ತೆರೆದು ಮೇಲಿನ ಪಟ್ಟಿಯ 'ಟೈಮ್ ಝೋನ್ಸ್' ಗುಂಡಿ ಒತ್ತಿದರೆ ಗೂಟ ಕಾಣುತ್ತದೆ. ಆಪ್ಷನ್ಸ್‌ನ ಕ್ಯಾಲೆಂಡರ್ ಪುಟದಲ್ಲಿ ಎರಡನೇ ಝೋನ್ ಸೇರಿಸಿದರೆ ಎಡಬದಿಯಲ್ಲಿ ಬೆಳಗಾವಿ, ಡೆಟ್ರಾಯಿಟ್ ಎರಡೂ ಗಡಿಯಾರ ಒಟ್ಟಿಗೆ ನಿಲ್ಲುತ್ತವೆ. ಅಲ್ಲಿಂದ ನವೆಂಬರಿನ ಮೊದಲ ವಾರಕ್ಕೆ ಸರಿದು ನೋಡಿದರೆ ಏನಾಗಲಿದೆ ಎಂಬುದು ಮೊದಲೇ ಕಣ್ಣಿಗೆ ಬೀಳುತ್ತದೆ.

ಇಮೇಲಿನಲ್ಲಿ ಬಂದ ಆಹ್ವಾನದ ಮೇಲೆ ಅನುಮಾನವಿದ್ದರೆ ಐಸಿಎಸ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಹೆದರುವಂಥದ್ದೇನಿಲ್ಲ, ಬರೀ ಅಕ್ಷರಗಳು. ಡಿಟಿಸ್ಟಾರ್ಟ್ (DTSTART) ಎಂದು ಶುರುವಾಗುವ ಸಾಲು ಹುಡುಕಿ. ಫೈಲಿನ ಮೇಲ್ಭಾಗದಲ್ಲಿ ಝೋನಿನ ವಿವರಣೆಯೊಳಗೂ ಇದೇ ಹೆಸರಿನ ಸಾಲುಗಳಿರುತ್ತವೆ, ಅವು ಬೇಡ. ಮೀಟಿಂಗಿನ ತಾರೀಖು ಇರುವುದು ಬೇಕು. ಅದರಲ್ಲಿ ಟಿಝಡ್‌ಐಡಿ (TZID, ಝೋನಿನ ಗುರುತು) ಎಂದಿದ್ದು ಪಕ್ಕದಲ್ಲಿ ಅಮೆರಿಕ, ನ್ಯೂಯಾರ್ಕ್ (America/New_York) ಎಂದಿದ್ದರೆ ಗೂಟ ಗಟ್ಟಿಯಾಗಿದೆ, ಡೇಲೈಟ್ ಸೇವಿಂಗ್ ಬದಲಾದಾಗ ತಾನೇ ಹೊಂದಿಕೊಳ್ಳುತ್ತದೆ. ಆ ಸಾಲು ಝಡ್ (Z) ಅಕ್ಷರದಿಂದ ಮುಗಿದಿದ್ದರೆ ಅದು ಯುಟಿಸಿ. ಒಂದೇ ಸಲದ ಮೀಟಿಂಗಿಗೆ ಅಡ್ಡಿಯಿಲ್ಲ. ವಾರವಾರ ಮರುಕಳಿಸುವುದಾದರೆ ಆ ಮೀಟಿಂಗ್ ಯಾರ ಬೇಸಿಗೆ ಗಡಿಯಾರಕ್ಕೂ ಬಗ್ಗುವುದಿಲ್ಲ: ನಮಗೆ ಸ್ಥಿರ, ಅವರಿಗೆ ಒಂದು ತಾಸು ಆಚೀಚೆ. ಝಡ್ಡೂ ಇಲ್ಲ, ಟಿಝಡ್‌ಐಡಿಯೂ ಇಲ್ಲ ಎಂದರೆ ಗೂಟವೇ ಇಲ್ಲ. ತೆರೆದವರ ಯಂತ್ರ ಯಾವ ಊರಿನಲ್ಲಿದೆಯೋ ಆ ಊರಿನ ಎಂಟೂವರೆ.

ಹೆಸರು ಒಂದೇ, ಝೋನ್ ಬೇರೆ

ವಿಂಡೋಸ್ ಪಟ್ಟಿಯಲ್ಲಿ ನ್ಯೂಯಾರ್ಕ್, ಡೆಟ್ರಾಯಿಟ್‌ಗಳ ಈಸ್ಟರ್ನ್ ಟೈಮ್ ಎದುರು ವರ್ಷವಿಡೀ ಮೈನಸ್ ಐದು ಎಂದೇ ಬರೆದಿರುತ್ತದೆ, ಬೇಸಿಗೆಯಲ್ಲಿ ನಿಜವಾದ ಅಂತರ ಮೈನಸ್ ನಾಲ್ಕು ಆಗಿದ್ದರೂ. ಇದನ್ನು ನೋಡಿ 'ತಪ್ಪಿದೆ' ಎಂದುಕೊಂಡು ಮೈನಸ್ ನಾಲ್ಕಿನ ಬೇರೆ ಯಾವುದೋ ಊರನ್ನು ಆರಿಸಿದರೆ ಚಳಿಗಾಲದಲ್ಲಿ ಕೆಡುತ್ತದೆ. ಅಂಕಿ ನೋಡಬೇಡಿ, ಊರು ನೋಡಿ. ಅದೇ ಮೈನಸ್ ಐದರಲ್ಲಿ ಬೊಗೊಟಾ, ಲೀಮಾ ಇವೆ. ಅಲ್ಲಿ ಗಡಿಯಾರ ಬದಲಾಗುವುದಿಲ್ಲ. ಮೈನಸ್ ಏಳರಲ್ಲಿ ಮೌಂಟನ್ ಟೈಮ್ ಬದಲಾಗುತ್ತದೆ, ಅರಿಜೋನಾ ಹೆಚ್ಚುಕಡಿಮೆ ಪೂರ್ತಿ ಹಾಗೇ ಇರುತ್ತದೆ. ಲಂಡನ್ನಿಗೆ ಯುಟಿಸಿಯನ್ನೋ ರೇಕ್ಯಾವಿಕ್ಕನ್ನೋ ಆರಿಸುವುದು ಇನ್ನೊಂದು ಮಾಮೂಲಿ ತಪ್ಪು. ಚಳಿಗಾಲದಲ್ಲಿ ಮೂರೂ ಒಂದೇ, ಹಾಗಾಗಿ ಐದು ತಿಂಗಳು ಪತ್ತೆಯೇ ಆಗುವುದಿಲ್ಲ.

ಅಕ್ಷರಗಳ ಸಂಕ್ಷೇಪವನ್ನಂತೂ ನಂಬಲೇಬೇಡಿ. ಅಮೆರಿಕದವರು ಜುಲೈನಲ್ಲೂ ಅಭ್ಯಾಸಬಲದಿಂದ ಇಎಸ್‌ಟಿ (ಈಸ್ಟರ್ನ್ ಸ್ಟ್ಯಾಂಡರ್ಡ್ ಟೈಮ್, ಅಂದರೆ ಚಳಿಗಾಲದ ಸಮಯ) ಎಂದೇ ಬರೆಯುತ್ತಾರೆ. ಅಕ್ಷರಶಃ ಲೆಕ್ಕ ಹಾಕಿದವರು ಒಂದು ತಾಸು ತಡವಾಗಿ ಬರುತ್ತಾರೆ. ಐಎಸ್‌ಟಿ ಎಂದರೆ ನಮಗೆ ಭಾರತದ ಸಮಯ, ಐರ್ಲೆಂಡಿಗೂ ಇಸ್ರೇಲಿಗೂ ಅವರವರದೇ ಸಮಯ. ಇಮೇಲಿನಲ್ಲಿ 'ಸಂಜೆ 6:00 ಬೆಳಗಾವಿ, ಮುಂಜಾನೆ 8:30 ಡೆಟ್ರಾಯಿಟ್' ಎಂದು ಊರಿನ ಹೆಸರು ಹಾಕಿ ಎರಡನ್ನೂ ಬರೆದರೆ ವಾದಕ್ಕೆ ಜಾಗವಿಲ್ಲ. ವಾರದ ಹೆಸರನ್ನೂ ಬರೆಯಿರಿ. ಕ್ಯಾಲಿಫೋರ್ನಿಯಾದ ಗುರುವಾರ ಸಂಜೆ ಆರು ನಮಗೆ ಶುಕ್ರವಾರ ಮುಂಜಾನೆ 6:30, ಚಳಿಗಾಲದಲ್ಲಿ 7:30.

ಮೀಟಿಂಗ್ ರೂಮ್ ಹಗಲು ಹೊತ್ತಿನ ಬುಕಿಂಗನ್ನೆಲ್ಲ ತಿರಸ್ಕರಿಸುತ್ತಿದೆಯೇ? ಎಕ್ಸ್‌ಚೇಂಜ್‌ನಲ್ಲಿ (ಔಟ್‌ಲುಕ್‌ನ ಹಿಂದಿರುವ ಮೇಲ್ ಸರ್ವರ್) ರೂಮಿಗೆ ತನ್ನದೇ ಕೆಲಸದ ಹೊತ್ತು, ತನ್ನದೇ ಝೋನ್ ಇರುತ್ತದೆ. ಅದು ಪೆಸಿಫಿಕ್‌ನಲ್ಲಿ ಉಳಿದು, 'ಕೆಲಸದ ಹೊತ್ತಿನಲ್ಲಿ ಮಾತ್ರ' ಎಂಬ ನಿಯಮವೂ ಚಾಲೂ ಇದ್ದರೆ, ಆ ರೂಮಿನ ಮುಂಜಾನೆ ಎಂಟು ಎಂದರೆ ನಮ್ಮ ರಾತ್ರಿ ಎಂಟೂವರೆ ಅಥವಾ ಒಂಬತ್ತೂವರೆ. ಅಡ್ಮಿನ್ ರೂಮಿನ ಝೋನನ್ನು ಇಂಡಿಯಾ ಸ್ಟ್ಯಾಂಡರ್ಡ್ ಟೈಮ್‌ಗೆ ತಂದರೆ ಮುಗಿಯಿತು. ವರ್ಷಪೂರ್ತಿ ಮರುಕಳಿಸುವ ಮೀಟಿಂಗಷ್ಟೇ ತಿರಸ್ಕೃತವಾಗುತ್ತಿದ್ದರೆ ಕಾರಣ ಬೇರೆ: ರೂಮು ಎಷ್ಟು ದಿನ ಮುಂದಿನವರೆಗೆ ಸಿಗುತ್ತದೆ ಎಂಬ ಮಿತಿ ಮೂಲದಲ್ಲಿ 180 ದಿನ.

ರಜೆಯ ದೋಷಗಳು

'ಆಗಸ್ಟ್ 15ರ ರಜೆ ಎರಡು ದಿನ ಹರಡಿಕೊಂಡಿದೆ' ಎಂದು ಡೆಟ್ರಾಯಿಟಿನಿಂದ ದೂರು ಬಂದರೆ, ಆ ರಜೆಯನ್ನು ಇಡೀ ದಿನದ ರಜೆಯಾಗಿ ಅಲ್ಲ, ಇಲ್ಲಿನ ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗಿನ ಮೀಟಿಂಗಾಗಿ ಉಳಿಸಲಾಗಿದೆ. ಅವರ ಕಡೆ ಅದು 14ರ ಮಧ್ಯಾಹ್ನ 2:30ರಿಂದ 15ರ 2:30ರವರೆಗೆ ಬೀಳುತ್ತದೆ. ಹಳೆಯ ಔಟ್‌ಲುಕ್ ಇಡೀ ದಿನದ ರಜೆಯನ್ನೂ ಹೀಗೇ ನಡೆಸಿಕೊಳ್ಳುತ್ತಿತ್ತು. ಗೂಗಲ್‌ನಲ್ಲಿ 'ಆಲ್ ಡೇ' ಗುರುತು ಹಾಕಿದರೆ ಅದು ಬರೀ ತಾರೀಖು, ಯಾವ ಝೋನಿಗೂ ಅಂಟಿಕೊಳ್ಳುವುದಿಲ್ಲ. ಐಸಿಎಸ್ ಫೈಲಿನಲ್ಲಾದರೆ ಸಾಲಿನಲ್ಲಿ ತಾರೀಖಷ್ಟೇ ಇರಬೇಕು, ತಾಸು ನಿಮಿಷ ಇರಕೂಡದು.

ಐಸಿಎಸ್‌ನ ಇನ್ನೊಂದು ತೊಡಕು: ಮುಗಿಯುವ ತಾರೀಖು ರಜೆಯ ಮರುದಿನದ್ದಾಗಿರಬೇಕು. ಆಗಸ್ಟ್ 15ರ ರಜೆಗೆ ಶುರು 20260815, ಕೊನೆ 20260816. ಕೊನೆಯ ದಿನವನ್ನೇ ಕೊನೆ ಎಂದು ಬರೆದರೆ ದೀಪಾವಳಿಯ ಮೂರು ದಿನದ ರಜೆ ಎರಡೇ ದಿನ ಕಾಣುತ್ತದೆ. ಎಕ್ಸೆಲ್ ಪಟ್ಟಿಯಿಂದ ಆಮದು ಮಾಡುವವರು 01-11-2026 ಜನವರಿ 11 ಆಗಿಬಿಟ್ಟಿದೆಯೇ ಎಂದೂ ನೋಡಿಕೊಳ್ಳಬೇಕು. ಅಮೆರಿಕದ ಕ್ರಮದಲ್ಲಿ ತಿಂಗಳು ಮೊದಲು. ರಾಜ್ಯೋತ್ಸವ ಸಂಕ್ರಾಂತಿಯ ಹೊತ್ತಿಗೆ ಬಂದು ಕೂತಿದ್ದರೆ ಇದೇ ಕಾರಣ.

ರಜೆ ಕಾಣುತ್ತಿದೆ, ಆದರೂ ಹೊರಗಿನವರು ಅದರ ಮೇಲೆಯೇ ಮೀಟಿಂಗ್ ಇಡುತ್ತಿದ್ದಾರೆ ಎಂದರೆ ಆ ರಜೆ 'ಫ್ರೀ' ಎಂದು ನಮೂದಾಗಿದೆ. ಇಡೀ ದಿನದ ನಮೂದುಗಳು ಮೂಲದಲ್ಲಿ ಫ್ರೀ ಆಗಿಯೇ ಬರುತ್ತವೆ. ಅದನ್ನು 'ಬ್ಯುಸಿ' ಅಥವಾ 'ಔಟ್ ಆಫ್ ಆಫೀಸ್' ಮಾಡಬೇಕು. ಹಂಚಿಕೆಯ ಕ್ಯಾಲೆಂಡರಿನಲ್ಲಿ ಬ್ಯುಸಿ ಎಂದಿದ್ದರೂ ವ್ಯಕ್ತಿಯ ಸ್ವಂತ ಕ್ಯಾಲೆಂಡರಿಗೆ ಅದು ಹತ್ತುವುದಿಲ್ಲ, ಇದು ಬಹಳ ಜನರಿಗೆ ಗೊತ್ತಿಲ್ಲ. ಆದ್ದರಿಂದ ಮುಖ್ಯ ರಜೆಗಳಿಗೆ ಎಲ್ಲರನ್ನೂ ಆಹ್ವಾನಿಸಿ ಕಳುಹಿಸುವುದೇ ಮೇಲು.

ಯಾವ ಪಟ್ಟಿ ಎಂಬುದು ಬೇರೆ ಪ್ರಶ್ನೆ. ಗೂಗಲ್ ಕೊಡುವ 'ಭಾರತದ ರಜೆಗಳು' ನಿಮ್ಮ ಕಾರ್ಖಾನೆಯ ರಜೆಗಳಲ್ಲ. ರಾಜ್ಯದ 1963ರ ಕೈಗಾರಿಕಾ ಸಂಸ್ಥೆಗಳ ರಜೆ ಕಾಯ್ದೆಯಂತೆ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಕಡ್ಡಾಯ. ಮೇಲೆ ಐದು ಹಬ್ಬದ ರಜೆಗಳು ಸಂಸ್ಥೆಗೆ ಸಂಸ್ಥೆಗೆ ಬೇರೆ. ನಮ್ಮ ಕಡೆ ನಾಗರ ಪಂಚಮಿ ಬಿಡುವಂತಿಲ್ಲ. ಬೆಳಗಾವಿಯಲ್ಲಿ ಗಣಪತಿ ಕಳಿಸುವ ದಿನವೂ ಹಾಗೇ. ಬಾಗಲಕೋಟೆಯ ಹೋಳಿ ಬಣ್ಣ ಒಂದೇ ದಿನಕ್ಕೆ ತೊಳೆದುಹೋಗುವುದಿಲ್ಲ. 2027ರಲ್ಲಿ ಅದು ಮಾರ್ಚ್ 14ರಿಂದ 28ರ ಕೆಟ್ಟ ವಾರಗಳ ನಟ್ಟನಡುವೆ ಬರುತ್ತದೆ. ರಮ್ಜಾನ್, ಬಕ್ರೀದ್ ಚಂದ್ರನನ್ನು ಕಂಡ ಮೇಲೆ ಒಂದು ದಿನ ಸರಿಯಬಹುದು, ಅವುಗಳ ಹೆಸರಿನ ಮುಂದೆ 'ಸಂಭವನೀಯ' ಎಂದು ಬರೆದಿಡಿ. ಆ ಕಡೆಯದ್ದೂ ಹೀಗೆಯೇ: ಜರ್ಮನಿಯಲ್ಲಿ ರಜೆ ರಾಜ್ಯಕ್ಕೆ ರಾಜ್ಯಕ್ಕೆ ಬೇರೆ. ನವೆಂಬರ್ 1 ಸ್ಟುಟ್‌ಗಾರ್ಟಿಗೆ ರಜೆ, ಬರ್ಲಿನ್ನಿಗಿಲ್ಲ.

ಬ್ಯಾಂಕಿನ ಎರಡನೇ, ನಾಲ್ಕನೇ ಶನಿವಾರವನ್ನು 'ಎರಡು ವಾರಕ್ಕೊಮ್ಮೆ' ಎಂದು ಹಾಕಿದ್ದರೆ ಐದು ಶನಿವಾರ ಇರುವ ತಿಂಗಳಲ್ಲಿ ಅದು ಹಳಿ ತಪ್ಪುತ್ತದೆ. 2026ರ ಆಗಸ್ಟ್ 8, 22 ಸರಿ. ಮುಂದಿನದು ಸೆಪ್ಟೆಂಬರ್ 5 ಎಂದು ಬರುತ್ತದೆ, ಅದು ಮೊದಲ ಶನಿವಾರ, ಬೇಕಾದದ್ದು 12. 'ತಿಂಗಳ ಎರಡನೇ ಶನಿವಾರ' ಮತ್ತು 'ತಿಂಗಳ ನಾಲ್ಕನೇ ಶನಿವಾರ' ಎಂದು ಎರಡು ಪ್ರತ್ಯೇಕ ಸರಣಿ ಮಾಡಿ.

ತಿದ್ದುವಾಗ

ಗೂಟ ಬದಲಿಸಬೇಕಾದರೆ ಇಡೀ ಸರಣಿಗೆ ಕೈ ಹಾಕಬೇಡಿ. ನಡುವೆ ಒಂದೊಂದಾಗಿ ಸರಿಸಿದ, ರದ್ದು ಮಾಡಿದ ದಿನಗಳು ಅಳಿಸಿಹೋಗಬಹುದು, ಕಳೆದ ತಿಂಗಳುಗಳ ದಾಖಲೆಯೂ ಬದಲಾಗುತ್ತದೆ. ಗೂಗಲ್‌ನಲ್ಲಿ 'ಇದು ಮತ್ತು ಮುಂದಿನವು' ಆರಿಸಿ. ಹಳೆಯ ಔಟ್‌ಲುಕ್‌ನಲ್ಲಿ ಆ ಸೌಲಭ್ಯವಿಲ್ಲ. ಸರಣಿಯನ್ನು ಈ ವಾರಕ್ಕೆ ಮುಗಿಸಿ, ಮುಂದಿನ ವಾರದಿಂದ ಸರಿಯಾದ ಝೋನಿನಲ್ಲಿ ಹೊಸದನ್ನು ಶುರು ಮಾಡಿ. ರಜೆಯ ದಿನ ಬಿದ್ದ ಮೀಟಿಂಗನ್ನು ಅಳಿಸುವಾಗ 'ಇದೊಂದೇ' ಎಂಬುದನ್ನು ಎರಡು ಸಲ ಓದಿ ಒತ್ತಿ.

ತಿದ್ದಿದ ಮೇಲೆ ಮೂರು ತಾರೀಖು ನೋಡಿ: ಬದಲಾವಣೆಗೆ ಮೊದಲಿನ ವಾರ, ಕೆಟ್ಟ ವಾರ, ಅದರ ನಂತರದ ವಾರ. 2026ಕ್ಕೆ ಅಕ್ಟೋಬರ್ 22, 29, ನವೆಂಬರ್ 5. ಮೂರರಲ್ಲೂ ಎರಡೂ ಊರಿನ ಸಮಯ ನೀವು ಮಾತಾಡಿಕೊಂಡಂತೆ ಇದ್ದರೆ ಮಾತ್ರ ಆಹ್ವಾನ ಕಳುಹಿಸಿ. ಹೊರಗಿನಿಂದ ಕೊಂಡಿ ಹಾಕಿ ಸೇರಿಸಿದ ರಜೆ ಕ್ಯಾಲೆಂಡರ್ ಗೂಗಲ್‌ನಲ್ಲಿ ಕೂಡಲೇ ಹೊಸದಾಗುವುದಿಲ್ಲ, ಅರ್ಧ ದಿನಕ್ಕೂ ಹೆಚ್ಚು ಹಿಡಿಯಬಹುದು. ಅಷ್ಟರಲ್ಲಿ ಅಳಿಸಿ ಮತ್ತೆ ಸೇರಿಸಲು ಹೋಗಬೇಡಿ.

ಕೆಲಸ ಬಿಟ್ಟು ಹೋದವರು ಏರ್ಪಡಿಸಿದ ಸರಣಿ ಯಾರ ಮಾತೂ ಕೇಳುವುದಿಲ್ಲ, ಏಕೆಂದರೆ ಸಮಯ ಬದಲಿಸುವ ಹಕ್ಕು ಏರ್ಪಡಿಸಿದವರಿಗೇ. ಅಡ್ಮಿನ್ ಅದನ್ನು ರದ್ದು ಮಾಡಬೇಕು, ಹೊಸದನ್ನು ವ್ಯಕ್ತಿಯ ಹೆಸರಿನಲ್ಲಿ ಅಲ್ಲ, ವಿಭಾಗದ ಹಂಚಿಕೆಯ ಖಾತೆಯಿಂದ ಏರ್ಪಡಿಸಬೇಕು. ಮೀಟಿಂಗಿನ ವಿವರಣೆಯ ಮೊದಲ ಸಾಲಿನಲ್ಲೇ 'ಡೆಟ್ರಾಯಿಟ್ ಸಮಯಕ್ಕೆ ಕಟ್ಟಿದೆ. ನವೆಂಬರಿನಿಂದ ಮಾರ್ಚ್‌ವರೆಗೆ ಬೆಳಗಾವಿಯಲ್ಲಿ 7:00' ಎಂದು ಬರೆದಿಡಿ. ಗೋಡೆಗೆ ಅಂಟಿಸಿದ ಮುದ್ರಿತ ವೇಳಾಪಟ್ಟಿ ಇದ್ದರೆ ಅದನ್ನೂ ಅವತ್ತೇ ಕಿತ್ತು ಬದಲಿಸಿ. ಸಂಜೆ ಪಾಳಿಯ ಗಾಡಿ ಡ್ರೈವರು ನೋಡುವುದು ಅದನ್ನೇ.